ತವರಿನ ಮೊದಲ ಪಂದ್ಯಕ್ಕೆ ಒಂದು ಸಲ ಬನ್ನಿ

ಈ ಶನಿವಾರ ಸಂಜೆ ಹರ್ಷಿ ಬೇರ್ಸ್ ತಂಡದ ತವರಿನ ಮೊದಲ ಪಂದ್ಯ. ಐಸ್ ಹಾಕಿ. ನಾವು ಹೋಗುತ್ತಿದ್ದೇವೆ. ಪ್ರತಿ ಅಕ್ಟೋಬರ್‌ನಲ್ಲೂ ಹೋಗುತ್ತೇವೆ. ಪ್ರತಿ ಸಲವೂ ಇಲ್ಲಿನ ನಮ್ಮ ಕನ್ನಡದ ಗೆಳೆಯರಲ್ಲಿ ಯಾರಾದರೂ ಒಬ್ಬರು ಇದೇ ಮಾತು ಕೇಳುತ್ತಾರೆ. "ಅದು ಎರಡನೇ ದರ್ಜೆ ಲೀಗ್ ಅಲ್ವಾ? ಅದಕ್ಕೆ ಯಾಕೆ ದುಡ್ಡು ಹಾಕ್ತೀರಿ? ನೋಡೋದಾದ್ರೆ ವಾಷಿಂಗ್ಟನ್‌ಗೋ ಫಿಲಡೆಲ್ಫಿಯಾಗೋ ಹೋಗಿ ಎನ್‌ಎಚ್‌ಎಲ್ ನೋಡಿ."

ಎನ್‌ಎಚ್‌ಎಲ್ ಅಂದರೆ ಇಲ್ಲಿನ ಐಸ್ ಹಾಕಿಯ ಅತಿ ದೊಡ್ಡ ಲೀಗ್. ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಪ್ರತಿ ಸಲ ನನಗೆ ಸ್ವಲ್ಪ ನೋವಾಗುತ್ತದೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಮೊದಲು ಊರಿನ ಬಗ್ಗೆ. ಹರ್ಷಿ ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಊರು. ಇರುವುದು 14 ಸಾವಿರದಷ್ಟು ಜನ. ಚಾಕೊಲೇಟ್ ಕಂಪನಿ ಹುಟ್ಟಿದ ಊರು. ದೊಡ್ಡ ಬೀದಿಯ ಹೆಸರೇ ಚಾಕೊಲೇಟ್ ಅವೆನ್ಯೂ. ಬೀದಿ ದೀಪಗಳು ಕೂಡ ಕಿಸ್ಸಸ್ ಚಾಕೊಲೇಟಿನ ಆಕಾರದಲ್ಲೇ ಇವೆ. ಒಂದಕ್ಕೆ ಬೆಳ್ಳಿ ಕಾಗದ ಸುತ್ತಿದಂತೆ, ಮುಂದಿನದಕ್ಕೆ ಬಿಚ್ಚಿದಂತೆ. ಇಂಥ ಊರಿನಲ್ಲಿ ಜೈಂಟ್ ಸೆಂಟರ್ ಅನ್ನುವ ಕ್ರೀಡಾಂಗಣ ಇದೆ. ಹಾಕಿಗೆ ಅಲ್ಲಿ ಸುಮಾರು 10,500 ಜನ ಕೂರಬಹುದು. 14 ಸಾವಿರ ಜನರ ಊರು, ಹತ್ತೂವರೆ ಸಾವಿರ ಸೀಟು! ಮೊದಲ ಪಂದ್ಯದ ದಿನ ಸುತ್ತಲಿನ ಊರುಗಳಿಂದೆಲ್ಲ ಜನ ಬರುತ್ತಾರೆ. ನಮ್ಮ ಕಡೆ ಊರಹಬ್ಬಕ್ಕೆ ನಂಟರು ಬಂದು ಸೇರುವುದಿಲ್ಲವೇ, ಹಾಗೆ.

ಬೇರ್ಸ್ 1938ರಿಂದ ಈ ಲೀಗಿನಲ್ಲಿ ಒಂದು ವರ್ಷವೂ ಬಿಡದೆ ಆಡುತ್ತಿದೆ. ಇದು ಅಮೆರಿಕನ್ ಹಾಕಿ ಲೀಗ್. ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನದು. ಇಷ್ಟು ಕಾಲ ಬಿಡದೆ ಆಡಿದ ಇನ್ನೊಂದು ತಂಡ ಈ ಲೀಗಿನಲ್ಲಿಲ್ಲ. ಮೊದಲಿದ್ದ ಕ್ರೀಡಾಂಗಣವನ್ನು ಊರು ಕಟ್ಟಿಸಿದ ಮಿಲ್ಟನ್ ಹರ್ಷಿ ಅವರೇ ಕಟ್ಟಿಸಿದ್ದು, 1936ರಲ್ಲಿ. ದೇಶಕ್ಕೆ ದೇಶವೇ ಕೆಲಸವಿಲ್ಲದೆ ಕೂತಿದ್ದ ಕಾಲ ಅದು. ಊರಿನ ಜನರ ಕೈಗೆ ಕೆಲಸ ಸಿಗಲಿ ಅಂತ ಅವರು ಒಂದರ ಹಿಂದೆ ಒಂದು ಕಟ್ಟಡ ಎಬ್ಬಿಸಿದರು. ಹೋಟೆಲು, ಶಾಲೆ, ಈ ಕ್ರೀಡಾಂಗಣ. ಒಳಗೆ ಒಂದು ಕಂಬವೂ ಅಡ್ಡ ಬಾರದ ಹಾಗೆ ಕಾಂಕ್ರೀಟಿನ ಕಮಾನು ಚಾವಣಿ ಹಾಕಿದರು. ಆ ಕಟ್ಟಡ ಈಗಲೂ ಇದೆ. 2002ರಲ್ಲಿ ತಂಡ ಹೊಸ ಜಾಗಕ್ಕೆ ಬಂತು.

ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ನಮ್ಮ ಪಕ್ಕದ ಮನೆ ಅಜ್ಜಿ. ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ನನ್ನ ಮಗ ಚಿಕ್ಕವನಿದ್ದಾಗಿಂದ ಅವರನ್ನು ಅಜ್ಜಿ ಅಂತಲೇ ಕರೆಯುತ್ತಾನೆ. ಅವರಿಗೂ ಈಗ ಅದೇ ಹೆಸರು. ಫೋನಿನಲ್ಲಿ ಸಂದೇಶ ಕಳಿಸಿದರೂ ಕೊನೆಯಲ್ಲಿ ಅಜ್ಜಿ ಅಂತಲೇ ಬರೆಯುತ್ತಾರೆ.

ನಾವು ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ನನ್ನ ಗಂಡನ ಕೆಲಸ ಕಾಂಟ್ರ್ಯಾಕ್ಟ್ ಮೇಲೆ. ಆರು ತಿಂಗಳು, ಮತ್ತೆ ಆರು ತಿಂಗಳು. ಗೋಡೆಗೆ ಒಂದು ಮೊಳೆ ಹೊಡೆಯಲೂ ನಾನು ಒಪ್ಪುತ್ತಿರಲಿಲ್ಲ. ಹೇಗೂ ಬಿಟ್ಟು ಹೋಗುವ ಮನೆ, ಸುಮ್ನೆ ಯಾಕೆ ಅಂತ. ಆ ಅಕ್ಟೋಬರ್‌ನಲ್ಲಿ ಅಜ್ಜಿ ಬಾಗಿಲು ತಟ್ಟಿ, "ನನ್ನ ಹತ್ತಿರ ಎರಡು ಟಿಕೆಟ್ ಹೆಚ್ಚಿಗೆ ಇವೆ, ಬನ್ನಿ. ಸ್ವೆಟರ್ ಹಾಕ್ಕೊಳ್ಳಿ" ಅಂದರು. ಬೇಡ ಅನ್ನಲು ಬಾಯಿ ಬರಲಿಲ್ಲ.

ಒಳಗೆ ಹೋದ ಕೂಡಲೇ ಮುಖಕ್ಕೆ ಬಡಿಯುವುದು ತಣ್ಣನೆ ಗಾಳಿ. ಆಮೇಲೆ ಶಬ್ದ. ಟಿವಿಯಲ್ಲಿ ಆ ಶಬ್ದ ಬರುವುದೇ ಇಲ್ಲ. ಸ್ಕೇಟಿನ ಅಲಗು ಐಸನ್ನು ಕೊರೆಯುವ ಸದ್ದು. ಪಕ್ ಬಂದು ಹಲಗೆಗೆ ಬಡಿಯುವ ಸದ್ದು. ಪಕ್ ಅಂದರೆ ಗಟ್ಟಿ ರಬ್ಬರಿನ ಬಿಲ್ಲೆ. ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿಡುತ್ತಾರೆ. ನಿಯಮ ಎಲ್ಲ ಎರಡು ಪಂದ್ಯ ನೋಡಿದರೆ ತಾನಾಗಿ ಬರುತ್ತದೆ, ಅದನ್ನು ಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪಂದ್ಯ ಅಲ್ಲ. ಅದಕ್ಕೂ ಮೊದಲಿನ ಹತ್ತು ನಿಮಿಷ. ದೀಪ ಆರಿಸಿ ಆಟಗಾರರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ಮೊದಲ ಪಂದ್ಯದ ದಿನ ಅದರಲ್ಲಿ ಎಷ್ಟೋ ಜನ ಹೊಸಬರು. ಇಪ್ಪತ್ತು, ಇಪ್ಪತ್ತೊಂದು ವರ್ಷದ ಹುಡುಗರು. ಕೆನಡಾದ ಯಾವುದೋ ಹಳ್ಳಿಯಿಂದ, ಸ್ವೀಡನ್‌ನಿಂದ, ರಷ್ಯಾದಿಂದ ಬಂದವರು. ಅವರ ಹೆಸರು ಅಲ್ಲಿ ಕೂತ ಎಷ್ಟೋ ಜನರಿಗೆ ಗೊತ್ತಿಲ್ಲ. ಕಾಗದ ನೋಡಿಕೊಂಡು ನಂಬರು ಹುಡುಕುತ್ತಾರೆ. ಆದರೆ ಚಪ್ಪಾಳೆ ಮಾತ್ರ ಮನೆ ಮಗನಿಗೆ ತಟ್ಟಿದ ಹಾಗೆ. ಅಜ್ಜಿ ಎದ್ದು ನಿಂತು ಪ್ರತಿಯೊಬ್ಬರಿಗೂ ತಟ್ಟಿದರು. "ಇವನು ಯಾರು?" ಅಂತ ಕೇಳಿದೆ. "ಗೊತ್ತಿಲ್ಲ. ಇವತ್ತು ಬಂದಿದ್ದಾನಲ್ಲ" ಅಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಇವತ್ತಿಗೂ ಹಾಗೇ ಇದೆ. ನನಗೂ ಆ ವರ್ಷ ಅದೇ ಬೇಕಿತ್ತು ಅನ್ನಿಸುತ್ತದೆ.

ಇನ್ನು ಆ 'ಎರಡನೇ ದರ್ಜೆ' ಮಾತಿಗೆ ಬರುತ್ತೇನೆ. ಎನ್‌ಎಚ್‌ಎಲ್‌ನಲ್ಲಿ ಆಡುವ 100 ಆಟಗಾರರನ್ನು ತೆಗೆದುಕೊಂಡರೆ ಅವರಲ್ಲಿ ಸುಮಾರು 90 ಜನ ಈ ಲೀಗಿನಲ್ಲಿ ಆಡಿಯೇ ಮೇಲೆ ಹೋದವರು. ಬೇರ್ಸ್ 2005ರಿಂದ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಜೊತೆಗಿದೆ. ಕ್ಯಾಪಿಟಲ್ಸ್ ಆರಿಸಿದ ಹುಡುಗರು ಹರ್ಷಿಗೆ ಬಂದು ಕಲಿಯುತ್ತಾರೆ, ಬೀಳುತ್ತಾರೆ, ಏಳುತ್ತಾರೆ. ಒಂದು ದಿನ ವಾಷಿಂಗ್ಟನ್‌ನಿಂದ ಕರೆ ಬರುತ್ತದೆ. ಕಾರಿನಲ್ಲಿ ಎರಡು ಗಂಟೆ ಚಿಲ್ಲರೆಯ ದಾರಿ. ಮಧ್ಯಾಹ್ನ ಇಲ್ಲಿದ್ದವನು ರಾತ್ರಿ ಅಲ್ಲಿರಬಹುದು. 2018ರಲ್ಲಿ ಕ್ಯಾಪಿಟಲ್ಸ್ ಮೊದಲ ಸಲ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದಿತು. ಆ ತಂಡದ ಗೋಲ್‌ಕೀಪರ್ ಬ್ರೇಡನ್ ಹೋಲ್ಟ್‌ಬಿ ಇಲ್ಲಿ ಆಡಿದವನು. ಜಾನ್ ಕಾರ್ಲ್‌ಸನ್ ಇಲ್ಲಿ ಆಡಿದವನು. ಜೇ ಬೀಗಲ್ ಅಂತೂ 2009 ಮತ್ತು 2010ರಲ್ಲಿ ಹರ್ಷಿಗೆ ಈ ಲೀಗಿನ ಕಾಲ್ಡರ್ ಕಪ್ ಗೆದ್ದುಕೊಟ್ಟು ಹೋದವನು. 2018ರ ಆ ಜೂನ್‌ನಲ್ಲಿ ಅಜ್ಜಿ ಟಿವಿ ಮುಂದೆ ಕೂತು ಅತ್ತಿದ್ದರಂತೆ. ತನ್ನ ತಂಡ ಗೆದ್ದದ್ದಕ್ಕಲ್ಲ. ತನ್ನ ಕಣ್ಣೆದುರೇ ಬೆಳೆದ ಹುಡುಗರು ಗೆದ್ದರು ಅಂತ.

ಕನ್ನಡ ಪತ್ರಿಕೆಗಳ ಕ್ರೀಡಾ ಪುಟದಲ್ಲಿ ಇಂಥ ಪಂದ್ಯವನ್ನು 'ತವರಿನ ಪಂದ್ಯ' ಅಂತ ಬರೆಯುತ್ತಾರೆ. ಚಿಕ್ಕಂದಿನಿಂದ ಓದಿಕೊಂಡು ಬಂದ ಮಾತು. ಅದರ ಬಗ್ಗೆ ಯಾವತ್ತೂ ಯೋಚಿಸಿರಲಿಲ್ಲ. ಇಲ್ಲಿ ಕೂತಾಗ ಹೊಳೆಯಿತು. ತವರು ಅಂದರೆ ಬರೀ ಸ್ವಂತ ಮನೆ ಅಲ್ಲ. ಬಿಟ್ಟು ಹೊರಡಬೇಕಾದ ಮನೆ. ಬೆಳೆಸಿ, ಮಡಿಲು ತುಂಬಿ ಕಳಿಸುವ ಮನೆ. ದೊಡ್ಡ ಲೀಗಿನ ತಂಡಕ್ಕೆ ಆ ಮಾತು ಅಷ್ಟು ಹೊಂದುವುದಿಲ್ಲ. ಹರ್ಷಿಗೆ ಮಾತ್ರ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಇಲ್ಲಿನ ಜನ ಪ್ರೀತಿಸುವ ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೋ ಅಷ್ಟು ಬೇಗ ಅವರಿಂದ ದೂರ ಹೋಗುತ್ತಾನೆ. ಇದು ಗೊತ್ತಿದ್ದೂ ಹತ್ತು ಸಾವಿರ ಜನ ಬಂದು ಕೂರುತ್ತಾರೆ. ಅವನು ಹೋಗಲಿ ಅಂತ ಬೇಡಿಕೊಳ್ಳುವವರೂ ಇವರೇ, ಹೋದ ಮೇಲೆ ಆ ನಂಬರಿನ ಜೆರ್ಸಿ ಹಾಕಿಕೊಂಡು ಬರುವವರೂ ಇವರೇ. ನನ್ನನ್ನು ವಿಮಾನ ಹತ್ತಿಸಿದ ದಿನ ನನ್ನ ಅಮ್ಮನ ಮುಖ ಹೇಗಿತ್ತು ಅನ್ನೋದು ನನಗೆ ಗೊತ್ತು. ಇದು ಕಡಿಮೆ ದರ್ಜೆಯ ಪ್ರೀತಿ ಅಂತ ನನಗೆ ಯಾರೂ ಹೇಳಬೇಡಿ.

2023ರ ಕಾಲ್ಡರ್ ಕಪ್ ಫೈನಲ್ ನೆನಪಾಗುತ್ತದೆ. ಏಳು ಪಂದ್ಯದಲ್ಲಿ ನಾಲ್ಕು ಗೆದ್ದವರಿಗೆ ಕಪ್. ಕ್ಯಾಲಿಫೋರ್ನಿಯಾದ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್ ವಿರುದ್ಧ. ಮೊದಲ ಎರಡು ಪಂದ್ಯದಲ್ಲಿ ಒಂದು ಗೋಲೂ ಹೊಡೆಯದೆ ಸೋತರು. 5-0, ಆಮೇಲೆ 4-0. ಎಲ್ಲ ಮುಗಿಯಿತು ಅಂದುಕೊಂಡೆವು. ಆದರೆ ಏಳನೇ ಪಂದ್ಯದವರೆಗೂ ಎಳೆದುಕೊಂಡು ಹೋದರು. ಅಲ್ಲೂ 2-0 ಹಿಂದೆ ಬಿದ್ದರು. ಇಲ್ಲಿ ನಮಗೆ ನಡುರಾತ್ರಿ ದಾಟಿತ್ತು. ಅಜ್ಜಿಯ ಮನೆಯಲ್ಲಿ ನಾವೆಲ್ಲ ಕಂಬಳಿ ಹೊದ್ದು ಕೂತಿದ್ದೆವು. ಸಮ ಮಾಡಿಕೊಂಡರು. ಓವರ್‌ಟೈಮ್‌ನಲ್ಲಿ ಮೈಕ್ ವೆಕಿಯೋನಿ ಗೋಲು ಹೊಡೆದ. ನನ್ನ ಮಗ ಕೂಗಿದ್ದಕ್ಕೆ ಎದುರು ಮನೆಯಲ್ಲಿ ದೀಪ ಹತ್ತಿತು. ಆಮೇಲೆ ನೋಡಿದರೆ ಅವರೂ ಎದ್ದು ಕೂತು ಅದನ್ನೇ ನೋಡುತ್ತಿದ್ದರು!

ಮುಂದಿನ ವರ್ಷ ಅದೇ ಎದುರಾಳಿ, ಈ ಸಲ ನಮ್ಮೂರಲ್ಲೇ, ಆರನೇ ಪಂದ್ಯದಲ್ಲಿ ಮತ್ತೆ ಓವರ್‌ಟೈಮ್. ಮ್ಯಾಟ್ ಸ್ಟ್ರೋಮ್ ಗೋಲು ಹೊಡೆದ. 2024ರ ಆ ಕಪ್ ಬೇರ್ಸ್‌ಗೆ 13ನೆಯದು. ಈ ಲೀಗಿನಲ್ಲಿ ಅಷ್ಟು ಕಪ್ ಗೆದ್ದವರು ಬೇರೆ ಯಾರೂ ಇಲ್ಲ. ಅಜ್ಜಿಯನ್ನು ಕೇಳಿದರೆ ಮಾತ್ರ ಅವರಿಗೆ 1988ರದ್ದೇ ದೊಡ್ಡದು. ಆ ವರ್ಷ ಪ್ಲೇಆಫ್‌ನಲ್ಲಿ 12 ಪಂದ್ಯ ಆಡಿ 12ನ್ನೂ ಗೆದ್ದಿದ್ದರು. ಆಗ ತಂಡವನ್ನು ನೋಡಿಕೊಳ್ಳುತ್ತಿದ್ದವರು ಫ್ರ್ಯಾಂಕ್ ಮ್ಯಾಥರ್ಸ್. 1956ರಲ್ಲಿ ಆಟಗಾರನಾಗಿ, ಕೋಚ್ ಕೂಡ ಆಗಿ ಬಂದವರು 1991ರವರೆಗೆ ಇಲ್ಲೇ ಉಳಿದರು. ಬಂದವರೆಲ್ಲ ಹೊರಡುವ ಊರಿನಲ್ಲಿ 35 ವರ್ಷ. ಅವರ ಹೆಸರು ಹೇಳುವಾಗ ಅಜ್ಜಿಯ ದನಿ ಇಳಿಯುತ್ತದೆ.

ನಾನು ಕೊಡಗಿನವಳು. ವಿರಾಜಪೇಟೆ ಕಡೆಯವಳು. ಹಾಕಿ ನನಗೆ ಹೊಸದಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಆ ಮೊದಲ ವರ್ಷ 60 ಕುಟುಂಬಗಳು ಆಡಿದ್ದವು. ಈಗ ಅದು ನೂರಾರು ಕುಟುಂಬಗಳ ಹಬ್ಬ. ನಾವು ಕೊಡವರಲ್ಲ. ಆದರೂ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯವರ ಕುಟುಂಬದ ತಂಡಕ್ಕೆ ಕೂಗಿ ಕೂಗಿ ನಮ್ಮ ಗಂಟಲು ಕಟ್ಟುತ್ತಿತ್ತು. ಮಾವ, ಸೊಸೆ, ಮೊಮ್ಮಗ ಎಲ್ಲ ಒಂದೇ ತಂಡದಲ್ಲಿ. ಅದು ಯಾವ ದರ್ಜೆಯ ಹಾಕಿ ಅಂತ ಅವತ್ತು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಮ್ಮ ಪಕ್ಕದ ಮನೆಯವರು ಆಡುತ್ತಿದ್ದಾರೆ, ಅಷ್ಟು ಸಾಕಿತ್ತು. ಇಲ್ಲಿಗೆ ಬಂದ ಮೇಲೆ ಮಾತ್ರ ದರ್ಜೆ ಯಾಕೆ ನೋಡುತ್ತೇವೆ?

ನಾನು ಕ್ರಿಕೆಟ್ ನೋಡಬೇಡಿ ಅನ್ನುತ್ತಿಲ್ಲ. ನಮ್ಮ ಮನೆಯಲ್ಲೂ ಐಪಿಎಲ್ ಇದೆ, ಆರ್‌ಸಿಬಿ ಇದೆ, ಬೆಳಗಿನ ಕಾಫಿ ಜೊತೆ ಅದೂ ನಡೆಯುತ್ತದೆ. ಆದರೆ ಇಲ್ಲಿ ಹತ್ತು ವರ್ಷ ಇದ್ದೂ ಈ ಊರಿನ ಜನ ಎಲ್ಲಿ ಒಟ್ಟಿಗೆ ನಗುತ್ತಾರೆ, ಎಲ್ಲಿ ಒಟ್ಟಿಗೆ ಸುಮ್ಮನಾಗುತ್ತಾರೆ ಅಂತ ನೋಡದೇ ಹೋಗುವವರನ್ನು ಕಂಡರೆ ನನಗೆ ಬೇಸರ. ಜನವರಿಯಲ್ಲಿ ಒಂದು ಪಂದ್ಯ ಇರುತ್ತದೆ. ಬೇರ್ಸ್ ಮೊದಲ ಗೋಲು ಹೊಡೆದ ಕೂಡಲೇ ಎಲ್ಲರೂ ತಂದ ಗೊಂಬೆಗಳನ್ನು ಐಸಿನ ಮೇಲೆ ಎಸೆಯುತ್ತಾರೆ. ಅವನ್ನು ಆರಿಸಿ ಮಕ್ಕಳಿಗೆ ಹಂಚಲು ಕೊಡುತ್ತಾರೆ. 2025ರಲ್ಲಿ ಎಣಿಸಿದಾಗ 1,02,343 ಗೊಂಬೆ ಬಂದಿದ್ದವು. ಒಬ್ಬೊಬ್ಬರು ಚೀಲಗಟ್ಟಲೆ ತಂದಿದ್ದರು. ಆ ಗೊಂಬೆಗಳ ಮಳೆಯಲ್ಲಿ ನಮ್ಮ ಕೈಯಿಂದಲೂ ಒಂದಷ್ಟು ಬೀಳಬೇಡವೇ?

ಹೋದ ವರ್ಷದ ಮೊದಲ ಪಂದ್ಯಕ್ಕೆ ಅಜ್ಜಿ ಬರಲಾಗಲಿಲ್ಲ. ಸೊಂಟದ ಆಪರೇಶನ್ ಆಗಿತ್ತು. ಅವರ ಸೀಟಿನಲ್ಲಿ ನನ್ನ ಮಗ ಕೂತ. ಅಜ್ಜಿ ಮನೆಯಲ್ಲಿ ರೇಡಿಯೊ ಇಟ್ಟುಕೊಂಡಿದ್ದರು. ಮೊದಲ ವಿರಾಮದಲ್ಲಿ ಫೋನ್ ಮಾಡಿದೆ. ಸ್ಕೋರು ಅವರಿಗೆ ಗೊತ್ತಿತ್ತು. ಅವರು ಕೇಳಿದ್ದು ಬೇರೆ. "ಹೊಸ ಹುಡುಗರು ಎಷ್ಟು ಜನ? ಎಲ್ಲರಿಗೂ ಎದ್ದು ನಿಂತು ಚಪ್ಪಾಳೆ ತಟ್ಟಿದಿರಾ?" ಮಗ ಆಟಗಾರರ ಪಟ್ಟಿಯ ಕಾಗದದಲ್ಲಿ ಒಬ್ಬೊಬ್ಬರ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ರಾತ್ರಿ ಹೋಗಿ ಆ ಕಾಗದ ಕೊಟ್ಟ. ಈಗಲೂ ಅದು ಅವರ ಫ್ರಿಜ್ಜಿನ ಬಾಗಿಲಲ್ಲಿದೆ. ಅದರಲ್ಲಿದ್ದ ಎಷ್ಟೋ ಹುಡುಗರು ಈಗಾಗಲೇ ಬೇರೆ ಊರಿಗೆ ಹೋಗಿಯಾಗಿದೆ.

ಈ ಸಲ ಅಜ್ಜಿ ಬರುತ್ತಾರೆ. ಕೋಲು ಹಿಡಿದು ನಡೆಯುತ್ತಾರೆ. ಮೆಟ್ಟಿಲು ಕಡಿಮೆ ಇರುವ ಸೀಟಿಗೆ ಬದಲಿಸಿಕೊಳ್ಳಿ ಅಂದೆ, ಕೇಳಲಿಲ್ಲ. ಅವರ ಸೀಟು ಅವರಿಗೆ ಬೇಕು. ದಾರಿಯಿಂದ ಅಲ್ಲಿಗೆ 14 ಮೆಟ್ಟಿಲು ಅಂತ ಮಗ ಎಣಿಸಿಟ್ಟಿದ್ದಾನೆ. ಒಂದು ಕಡೆ ಅವನು, ಇನ್ನೊಂದು ಕಡೆ ನಾನು. ಅದಕ್ಕೇ ಬೇಗ ಹೊರಡುತ್ತಿದ್ದೇವೆ, ನಾಲ್ಕೂವರೆಗೆ.

ನಮ್ಮ ಹಿಂದಿನ ಸಾಲಿನಲ್ಲಿ ಇನ್ನೂ ಎರಡು ಸೀಟು ಖಾಲಿ ಕಾಣಿಸುತ್ತಿವೆ. ಬರುವವರು ಇದ್ದರೆ ಶುಕ್ರವಾರದೊಳಗೆ ಹೇಳಿ, ನಾನೇ ತೆಗೆಸಿಡುತ್ತೇನೆ. ಸ್ವೆಟರ್ ಮರೀಬೇಡಿ.