ಟೋಕನ್ ಕೊಡುವ ಮೊದಲು ಕಾಗದ ನೋಡಿ

"ಕುಂಬಳೆ ಹತ್ತಿರ 30 ಸೆಂಟ್ಸ್ ಜಾಗ, ಅಗ್ರಿಮೆಂಟ್ ನಮ್ಮ ಕೈಯಲ್ಲಿದೆ, ಪಾರ್ಟಿ ಇದ್ದರೆ ಹೇಳಿ. ಆಧಾರದ ಕಾಪಿ ಆಮೇಲೆ ಕಳಿಸ್ತೇನೆ."

ಇವತ್ತು ಬೆಳಿಗ್ಗೆ ವಾಟ್ಸಾಪಿನಲ್ಲಿ ಬಂದ ಸಂದೇಶ. ಹಾಕಿದವನು ಈಗಷ್ಟೇ ಈ ವ್ಯವಹಾರಕ್ಕೆ ಇಳಿದ ಹುಡುಗ. ಕೇಳಿದರೆ ಒಂದು ಲಕ್ಷ ಟೋಕನ್, ಅಂದರೆ ಮುಂಗಡ, ಕೊಟ್ಟಾಗಿದೆ; ಆಧಾರವನ್ನು, ಅಂದರೆ ಜಾಗದ ರಿಜಿಸ್ಟರ್ ಆದ ದಸ್ತಾವೇಜನ್ನು, ಅವನೂ ನೋಡಿಲ್ಲ. "ಒಳ್ಳೆ ಜನ ಅಣ್ಣಾ, ಆಮೇಲೆ ಕೊಡ್ತೇನೆ ಅಂದಿದ್ದಾರೆ" ಅಂತ ಉತ್ತರ. ನನಗೆ ಸಿಟ್ಟು ಬಂತು.

ಅವನು ವ್ಯಾಪಾರಕ್ಕೆ ಇಳಿದದ್ದಕ್ಕೆ ನನ್ನ ತಕರಾರಿಲ್ಲ. ಜಾಗವನ್ನು ತನ್ನ ಹೆಸರಿಗೆ ಮಾಡಿಕೊಳ್ಳದೆ, ಕರಾರು ಬರೆಸಿ, ಅವಧಿಯೊಳಗೆ ಇನ್ನೊಬ್ಬರಿಗೆ ದಾಟಿಸಿ, ನಡುವಿನ ಅಂತರ ಇಟ್ಟುಕೊಳ್ಳುವುದು ನಮ್ಮ ಊರಿನಲ್ಲಿ ಹೊಸತೇನಲ್ಲ. ಈಗ ಯೂಟ್ಯೂಬಿನಲ್ಲಿ ಅದಕ್ಕೆ ಹೋಲ್‌ಸೇಲಿಂಗ್ ಎಂದು ಹೆಸರಿಟ್ಟು, ಕೈಯಿಂದ ದುಡ್ಡು ಹಾಕದೆ ಸಂಪಾದಿಸಿ ಎಂದು ಅಮೆರಿಕದ ಪಾಠ ಒಪ್ಪಿಸುತ್ತಾರೆ. ಅಲ್ಲಿ ಟೈಟಲ್ ಕಂಪೆನಿ ಎಂಬುದೊಂದಿದೆ, ಅದು ದಾಖಲೆ ಜಾಲಾಡಿ ಹಕ್ಕಿಗೆ ವಿಮೆಯನ್ನೂ ಕೊಡುತ್ತದೆ. ಕಾಸರಗೋಡಿನಲ್ಲಿ ಆ ಕೆಲಸವನ್ನು ನೀವೇ ಮಾಡಬೇಕು, ಅದೂ ಟೋಕನ್ ಕೊಡುವ ಮೊದಲು. ಇದೊಂದನ್ನು ಯಾವ ವೀಡಿಯೊದವನೂ ಹೇಳುವುದಿಲ್ಲ.

ಲೆಕ್ಕ ನೋಡಿ. 30 ಸೆಂಟ್ಸ್, ಸೆಂಟ್ಸಿಗೆ ಒಂದೂವರೆ ಲಕ್ಷದ ಹಾಗೆ 45 ಲಕ್ಷ. ನಿಮಗೆ 1.70ರ ಪಾರ್ಟಿ ಸಿಕ್ಕಿದರೆ 51 ಲಕ್ಷ, ಅಂತರ ಆರು. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ ಶೇ. 8, ನೋಂದಣಿ ಶುಲ್ಕ ಶೇ. 2; ಸರ್ಕಾರ ನಿಗದಿ ಮಾಡಿದ ಫೇರ್ ವ್ಯಾಲ್ಯೂ ಮತ್ತು ಬರೆದ ಕ್ರಯ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಂಡರೆ ನಾಲ್ಕೂವರೆ ಲಕ್ಷ ಅಲ್ಲೇ ಹೋಯಿತು. ಉಳಿದ ಒಂದೂವರೆಯಲ್ಲಿ ಆಧಾರ ಬರೆದವರ ಫೀಸು, ಅಳತೆಯ ಖರ್ಚು, ಬಡ್ಡಿ, ಆದಾಯ ತೆರಿಗೆ. ಹಾಗಾಗಿಯೇ ಎಲ್ಲರೂ ಕರಾರಿನಲ್ಲೇ ದಾಟಿಸಲು ನೋಡುವುದು. ಆದರೆ ಕರಾರು ಜಾಗದ ಮೇಲೆ ನಿಮಗೆ ಯಾವ ಹಕ್ಕನ್ನೂ ಕೊಡುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮು ಅದನ್ನು ನೇರವಾಗಿ ಹೇಳುತ್ತದೆ. ನಿಮಗಿರುವುದು ಮಾತು ನಡೆಸಿಕೊಡಿ ಎಂದು ಕೋರ್ಟಿಗೆ ಹೋಗುವ ಹಕ್ಕು, ಅದಕ್ಕೂ ಮೂರು ವರ್ಷದ ಗಡುವು. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಜಾಗ ನಮ್ಮದೇ ಎಂದು ಇವತ್ತಿಗೂ ಹೇಳುವವರಿದ್ದಾರೆ. 2011ರಲ್ಲೇ ಸುಪ್ರೀಂ ಕೋರ್ಟು ಅದನ್ನು ಕ್ರಯವೆಂದು ಒಪ್ಪಲಾಗದು ಎಂದಿದೆ.

ಹಾಗಾದರೆ ಮೊದಲು ಏನು ಕೇಳಬೇಕು? ಈ ವರ್ಷದ ಭೂತೆರಿಗೆ ರಶೀದಿ. ಆ ಒಂದು ಹಾಳೆಯಲ್ಲಿ ಗ್ರಾಮ, ಸರ್ವೆ ನಂಬರು, ಸಬ್‌ಡಿವಿಷನ್, ತಂಡಪ್ಪೇರ್ (ವಿಲೇಜ್ ಆಫೀಸಿನ ಭೂತೆರಿಗೆ ಖಾತೆ) ನಂಬರು, ವಿಸ್ತೀರ್ಣ ಎಲ್ಲ ಇರುತ್ತದೆ. ವಿಸ್ತೀರ್ಣ ಹೆಕ್ಟೇರಿನಲ್ಲಿರುತ್ತದೆ: 30 ಸೆಂಟ್ಸ್ ಎಂದರೆ 0.1214 ಬರಬೇಕು. ರಶೀದಿಯಲ್ಲಿ 0.1093 ಇದ್ದರೆ ಅದು 27 ಸೆಂಟ್ಸ್. ಸೆಂಟ್ಸಿಗೆ ಒಂದೂವರೆ ಲಕ್ಷದ ಜಾಗದಲ್ಲಿ ನಾಲ್ಕೂವರೆ ಲಕ್ಷದ ವ್ಯತ್ಯಾಸ ಒಂದು ರಶೀದಿಯಲ್ಲೇ ಕಾಣುತ್ತದೆ. ತಂಡಪ್ಪೇರ್ ಮಾರುವವರ ಹೆಸರಿನಲ್ಲಿ ಇಲ್ಲದೆ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಅಲ್ಲಿಗೇ ನಿಲ್ಲಿ, ಪೋಕುವರವ್, ಅಂದರೆ ಖಾತೆ ಬದಲಾವಣೆ, ಆಗಿಲ್ಲ ಎಂದರ್ಥ.

ಆಮೇಲೆ ವಿಲೇಜ್ ಆಫೀಸಿಗೆ ಹೋಗಿ ಬಿ.ಟಿ.ಆರ್.ನಲ್ಲಿ (ಮೂಲ ತೆರಿಗೆ ರಿಜಿಸ್ಟರಿನಲ್ಲಿ) ಜಾಗದ ಜಾತಿ ಏನೆಂದು ನೋಡಬೇಕು: ಪುರಯಿಡವೋ (ಒಣಭೂಮಿ), ನಿಲವೋ (ಗದ್ದೆ)? ಹೊಸಬರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಕಣ್ಣಿಗೆ ಕಾಣುವುದು ಮೂವತ್ತು ವರ್ಷದ ಅಡಿಕೆ ತೋಟ. ಆದರೆ ಅದು ಹಿಂದೆ ಬೈಲೋ ಮಜಲೋ ಆಗಿದ್ದ ಗದ್ದೆ, ರಿಜಿಸ್ಟರಿನಲ್ಲಿ ಇವತ್ತಿಗೂ ನಿಲಂ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿ ಮನೆ ಕಟ್ಟಲು ಪಂಚಾಯತಿನವರು ಸುಮ್ಮನೆ ಪರ್ಮಿಟ್ ಕೊಡುವುದಿಲ್ಲ. ಕೃಷಿಭವನದಲ್ಲಿ ಡೇಟಾ ಬ್ಯಾಂಕ್, ಅಂದರೆ ಗದ್ದೆ ಮತ್ತು ಜೌಗುಭೂಮಿಗಳ ಪಟ್ಟಿ, ನೋಡಿ. ಅದರಲ್ಲಿ ಜಾಗ ಇದ್ದರೆ ಮೊದಲು 5ನೇ ನಮೂನೆಯಲ್ಲಿ ಅರ್ಜಿ ಹಾಕಿ ಹೊರಗೆ ತರಬೇಕು; 2008ರಲ್ಲಿ ಅಲ್ಲಿ ನಿಜವಾಗಿ ಗದ್ದೆ ಇತ್ತೇ ಎಂದು ಉಪಗ್ರಹ ಚಿತ್ರ ತರಿಸಿ ನೋಡುವುದೂ ಉಂಟು. ಡೇಟಾ ಬ್ಯಾಂಕಿನಲ್ಲಿ ಇಲ್ಲದೆ ಬಿ.ಟಿ.ಆರ್.ನಲ್ಲಿ ಮಾತ್ರ ನಿಲಂ ಇದ್ದರೆ ಜಾತಿ ಬದಲಾಯಿಸಲು 50 ಸೆಂಟ್ಸ್‌ವರೆಗೆ 6ನೇ ನಮೂನೆ, ಅದಕ್ಕಿಂತ ಹೆಚ್ಚಿದ್ದರೆ 7ನೇದು. 25 ಸೆಂಟ್ಸ್‌ವರೆಗಿನ ಜಾಗಕ್ಕೆ ಶುಲ್ಕವಿಲ್ಲ, ಆದರೆ ಆ ತುಂಡು 2017ರ ಡಿಸೆಂಬರ್ 30ರಂದೇ ಹಾಗೆ ಬೇರೆಯಾಗಿ ಇದ್ದಿರಬೇಕು. 40 ಸೆಂಟ್ಸನ್ನು ಇವತ್ತು ಇಪ್ಪತ್ತಿಪ್ಪತ್ತು ಮಾಡಿ ಬರೆಸಿದರೆ ಆ ವಿನಾಯಿತಿ ಸಿಗುವುದಿಲ್ಲ. ಅರ್ಜಿ ಆಫೀಸಿನಿಂದ ಆಫೀಸಿಗೆ ಹೋಗಿ ಬರುವಾಗ ನಿಮ್ಮ ಮೂರು ತಿಂಗಳ ಕರಾರು ಮುಗಿದಿರುತ್ತದೆ, ಟೋಕನ್ ಹೋಗಿರುತ್ತದೆ.

ಕುಮ್ಕಿ ಇನ್ನೊಂದು. ವರ್ಗದ, ಅಂದರೆ ಸ್ವಂತ ಪಟ್ಟೆಯ, ಜಾಗದ ಅಂಚಿನ ಗುಡ್ಡೆಗೆ ತಲೆಮಾರಿನಿಂದ ಬೇಲಿ ಇದೆ, ಗೇರು ಮರ ಇದೆ, ನೋಡಿದವರಿಗೆ ಎಲ್ಲ ಒಂದೇ ಜಾಗ. ಕುಮ್ಕಿ ಸರ್ಕಾರಿ ಭೂಮಿ. ವರ್ಗದಾರರಿಗೆ ಅಲ್ಲಿ ಸೊಪ್ಪು, ಸೌದೆ, ಮೇವಿನ ಸವಲತ್ತು ಮಾತ್ರ. ಅದನ್ನು ಸೇರಿಸಿ ಎಕ್ರೆ ಲೆಕ್ಕ ಹೇಳುವವರಿದ್ದಾರೆ. ಮಲೆನಾಡಿನ ಕಡೆ, ವೆಳ್ಳರಿಕುಂಡ್ ಭಾಗದಲ್ಲಿ, ರಬ್ಬರ್ ತೋಟದ ತುಂಡು ಅಗ್ಗಕ್ಕೆ ಬಂದರೆ ಅದು ಭೂ ಹಿಡುವಳಿಯ ಮಿತಿಯಿಂದ ವಿನಾಯಿತಿ ಪಡೆದ ತೋಟವೇ ಎಂದು ಕೇಳಿ. ಹೌದಾದರೆ ಮನೆ ಸೈಟು ಮಾಡಿ ಮಾರುವ ಆಸೆ ಬಿಡಿ.

ಇನ್ನು ಕುಡಿಕಡ ಸರ್ಟಿಫಿಕೇಟು, ಅಂದರೆ ಋಣಭಾರ ಪತ್ರ (ಇ.ಸಿ.). ಕಡಿಮೆಯೆಂದರೂ 30 ವರ್ಷದ್ದು ತೆಗೆಸಿ. ಬ್ಯಾಂಕಿನ ರಿಜಿಸ್ಟರ್ ಆದ ಅಡವು, ಸೊಸೈಟಿಯ ಗಹಾನ್ (ಸಹಕಾರಿ ಸಾಲದ ಅಡವು) ಅದರಲ್ಲಿ ಬರುತ್ತದೆ. ಬರದೇ ಇರುವುದೂ ಬೇಕಷ್ಟಿದೆ: ರಿಜಿಸ್ಟರ್ ಆಗದ ಇನ್ನೊಂದು ಕರಾರು, ಆಧಾರವನ್ನು ಕೊಟ್ಟಷ್ಟಕ್ಕೇ ಪಡೆದ ಸಾಲ, ಅಕ್ಕತಂಗಿಯರ ಪಾಲು. ಅದಕ್ಕೇ ಮೂಲ ಆಧಾರವನ್ನು ಕಣ್ಣಾರೆ ನೋಡಬೇಕು ಎಂದು ಹಟ ಹಿಡಿಯುವುದು. ಮೂಲ ಪ್ರತಿ ಮನೆಯಲ್ಲಿ ಇಲ್ಲವೆಂದರೆ ಅದು ಎಲ್ಲಿದೆ ಎಂದು ಗೊತ್ತಾಗುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ಹಿಂದಿನ ಆಧಾರಗಳನ್ನೂ ಕೇಳಿ. ನಮ್ಮಲ್ಲಿ ಹಳೆಯದು ಕನ್ನಡದಲ್ಲಿ, ಹೊಸದು ಮಲಯಾಳದಲ್ಲಿ. ಮಲಯಾಳ ಓದಲು ಬಾರದಿದ್ದರೆ ಓದಬಲ್ಲ ವಕೀಲರನ್ನು ಹಿಡಿಯಿರಿ. ಬ್ರೋಕರ್ ಓದಿ ಹೇಳಿದ್ದನ್ನು ನಂಬಬೇಡಿ. ಮಾರುವ ಹಿರಿಯರಿಗೂ ಅದೇ ನ್ಯಾಯ ಸಲ್ಲಬೇಕು: ಅವರಿಗೆ ಓದಲು ಬಾರದ ಭಾಷೆಯ ಕರಾರಿಗೆ ಸಹಿ ಹಾಕಿಸುವುದು ತಪ್ಪು. ಕನ್ನಡದಲ್ಲೇ ಬರೆಸಿ.

ಪಾಲುದಾರರ ವಿಷಯ ಕೇಳಲು ಸಂಕೋಚಪಡಬೇಡಿ. ತಂದೆ ತೀರಿಹೋಗಿದ್ದರೆ ಎಲ್ಲ ವಾರಸುದಾರರ ಸಹಿ ಬೇಕು, ಮದುವೆಯಾಗಿ ಮಂಗಳೂರಿಗೆ ಹೋದ ಮಗಳದ್ದೂ ಸೇರಿ. ಗಲ್ಫಿನಲ್ಲಿರುವವರ ಪವರ್ ಆಫ್ ಅಟಾರ್ನಿ ಅಲ್ಲಿನ ರಾಯಭಾರ ಕಚೇರಿಯಲ್ಲಿ ದೃಢೀಕರಣವಾಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಆಗಬೇಕು. ಹಿಂದೂ ಕುಟುಂಬದಲ್ಲಿ ಅಪ್ರಾಪ್ತ ಮಕ್ಕಳ ಹೆಸರಿಗೆ ಬರೆದಿಟ್ಟ ಜಾಗ ಮಾರಲು ಕೋರ್ಟಿನ ಅನುಮತಿ ಬೇಕು.

"ಇಷ್ಟೆಲ್ಲ ನೋಡ್ತಾ ಕೂತರೆ ಜಾಗ ಇನ್ನೊಬ್ಬನ ಪಾಲಾಗ್ತದೆ" ಎಂಬ ಮಾತು ಬಂದೇ ಬರುತ್ತದೆ. ಆಗಲಿ ಬಿಡಿ. ಆಧಾರ, ರಶೀದಿ, ಕುಡಿಕಡ ಕೈಯಲ್ಲಿದ್ದರೆ ಓದಲು ವಾರ ಸಾಕು. ಒಂದು ವಾರ ಕಾಯಲು ತಯಾರಿಲ್ಲದ ಮಾಲಕರು ನಾಳೆ ಕರಾರಿನ ಅವಧಿಯನ್ನು ವಿಸ್ತರಿಸಿ ಕೊಡುತ್ತಾರೆಯೇ? ತೀರಾ ಅವಸರವಿದ್ದರೆ ಸಣ್ಣ ಮೊತ್ತ ಕೊಟ್ಟು, "30 ದಿನದೊಳಗೆ ದಾಖಲೆ ಸರಿಯಿಲ್ಲವೆಂದು ಕಂಡುಬಂದರೆ ಮುಂಗಡ ಪೂರ್ತಿ ವಾಪಸ್" ಎಂಬ ಸಾಲು ಬರೆಸಿ. ಆ ಸಾಲಿಗೆ ಸಹಿ ಹಾಕದವರಲ್ಲಿ ಏನೋ ಅಡಗಿದೆ ಎಂದೇ ತಿಳಿಯಿರಿ.

ಕರಾರಿನಲ್ಲಿ ಇನ್ನೆರಡು ಸಾಲು ಬೇಕು. ಕ್ರಯ ಇಡಿಯಾಗಿ ಇರಬಾರದು, "ಅಳತೆಯಾದ ಮೇಲೆ ಸಿಕ್ಕಿದ ಸೆಂಟ್ಸಿಗೆ ಇಂತಿಷ್ಟು" ಎಂದಿರಬೇಕು. ಡಿಜಿಟಲ್ ಸರ್ವೆ ಮುಗಿದ ಗ್ರಾಮಗಳಲ್ಲಿ ಹಳೆಯ ನಂಬರಿಗೂ ಹೊಸದಕ್ಕೂ, ವಿಸ್ತೀರ್ಣಕ್ಕೂ ತಾಳೆಯಾಗದೆ ನೋಂದಣಿ ನಿಲ್ಲುವುದುಂಟು. ಇನ್ನೊಂದು, "ನನ್ನ ಹೆಸರಿಗೆ ಅಥವಾ ನಾನು ಸೂಚಿಸಿದವರ ಹೆಸರಿಗೆ" ಎಂಬುದು. ಮತ್ತು ದಯವಿಟ್ಟು, ಇದನ್ನು ನಾನು ಇನ್ನೊಬ್ಬರಿಗೆ ಕೊಡುತ್ತೇನೆ, ನಡುವಿನದ್ದು ನನ್ನ ಲಾಭ ಎಂದು ಮಾರುವವರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟರೆ ಸಬ್ ರಿಜಿಸ್ಟ್ರಾರ್ ಕಚೇರಿಯ ವರಾಂಡದಲ್ಲಿ ಖರೀದಿದಾರರ ಬಾಯಿಂದ 51 ಲಕ್ಷ ಎಂಬ ಮಾತು ಬೀಳುತ್ತದೆ, ಮಾಲಕರು ಪೆನ್ನು ಕೆಳಗಿಡುತ್ತಾರೆ. ಅವರ ಸಿಟ್ಟು ನ್ಯಾಯವೇ. 51ಕ್ಕೆ ಆಧಾರ ಬರೆದು 45 ಅವರಿಗೆ ಕೊಟ್ಟರೆ ತೆರಿಗೆಯ ಲೆಕ್ಕದಲ್ಲಿ ಆರು ಲಕ್ಷವೂ ಅವರ ತಲೆಗೇ ಬರುತ್ತದೆ. ಆಧಾರದಲ್ಲಿ ನೀವೂ ಒಪ್ಪಿಗೆ ಕೊಡುವ ಕಕ್ಷಿಯಾಗಿ ಸೇರಿ, ಆರು ಲಕ್ಷ ನಿಮ್ಮ ಖಾತೆಗೆ ಚೆಕ್ಕಿನಲ್ಲಿ ಬಂತೆಂದು ಬರೆಸಿ, ನಿಮ್ಮ ತೆರಿಗೆ ನೀವು ಕಟ್ಟಿ.

ನಗದು ಬೇಡವೇ ಬೇಡ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡ ನಗದಾಗಿ ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಮುರಿದುಬಿದ್ದ ವ್ಯವಹಾರದ ಮುಂಗಡವನ್ನು ನಗದಾಗಿ ಹಿಂದಿರುಗಿಸಿದರೂ ಅದೇ. ಕ್ರಯ 50 ಲಕ್ಷ ಮುಟ್ಟಿದರೆ ಖರೀದಿದಾರರು ಶೇ. 1 ಟಿ.ಡಿ.ಎಸ್. ಹಿಡಿಯಬೇಕು, ಗ್ರಾಮೀಣ ಕೃಷಿಭೂಮಿಗೆ ಮಾತ್ರ ವಿನಾಯಿತಿ.

ಎರಡು ವ್ಯವಹಾರ ಕುದುರಿದ ಕೂಡಲೇ ದೊಡ್ಡ ಜಾಗ ಹಿಡಿದು ಸೈಟು ಮಾಡಿ ಮಾರುವ ಯೋಚನೆ ಬರುತ್ತದೆ. 500 ಚದರ ಮೀಟರ್, ಅಂದರೆ ಸುಮಾರು ಹನ್ನೆರಡು ಸೆಂಟ್ಸ್ ದಾಟಿದ ಜಾಗವನ್ನು ಸೈಟು ಮಾಡಿ ಮಾರಲು ಕೇರಳ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿ ಆಗಿರಬೇಕು. ನೋಂದಣಿ ನಂಬರು ಸಿಗುವ ಮೊದಲು ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ಹಣ ತೆಗೆದುಕೊಳ್ಳುವಂತಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಹಾಕುವುದೂ ಜಾಹೀರಾತೇ. ಬೇರೆಯವರ ಅಂಥ ಸೈಟುಗಳನ್ನು ಮಾರಿಕೊಡುವವರೂ ಏಜೆಂಟ್ ಎಂದು ನೋಂದಾಯಿಸಬೇಕು. ತಪ್ಪಿದ ಏಜೆಂಟರಿಗೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಏರುತ್ತ ಹೋಗುತ್ತದೆ.