ಕೊಬ್ಬು ಯಾರಿಗೆ ಸ್ವಾಮಿ?

ಮದ್ದೂರಿನಿಂದ ಕೆಂಪು ಬಸ್ಸಿನಲ್ಲಿ ಈಗ ತಾನೇ ಬಂದಿಳಿದೆ. ತಲೆ ಕೆಟ್ಟುಹೋಗಿದೆ. ಕಾಫಿ ಕೂಡ ಕುಡಿಯದೆ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಕೋಬೇಡಿ.

ಮುಂದಿನ ಸೀಟಿನಲ್ಲಿ ಸೊಪ್ಪು ಮಾರಿ ಖಾಲಿಯಾದ ಮಂಕರಿಯನ್ನು ಕಾಲ ಬಳಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ಗರಿಗರಿ ಬಿಳಿ ಶರ್ಟಿನವರೊಬ್ಬರು ಹತ್ತಿದರು. "ಎದ್ದೇಳಮ್ಮ, ಹಿಂದೆ ಸೀಟಿದೆ, ಅಲ್ಲಿಗೆ ಹೋಗು" ಅಂದರು. ಆಕೆ, "ಇದ್ರೆ ನೀವೇ ಹೋಗಿ ಕುಂತ್ಕಳಿ ಸಾ, ನಾನು ಆಗ್ಲೇ ಕುಂತಿವ್ನಿ" ಅಂದರು. ಅಷ್ಟೇ. ದನಿ ಕೂಡ ಏರಿಸಲಿಲ್ಲ. ಈ ಮಹಾನುಭಾವರು ಇಡೀ ಬಸ್ಸಿನ ಕಡೆ ತಿರುಗಿ, "ನೋಡ್ರೀ, ಫ್ರೀ ಟಿಕೆಟ್ ಬಂದ್ಮೇಲೆ ಇವಕ್ಕೆ ಎಷ್ಟು ಕೊಬ್ಬು!" ಅಂದರು. ನಾಲ್ಕೈದು ಜನ ಹೌದು ಹೌದು ಅಂತ ತಲೆಯಾಡಿಸಿದರು.

ಆಮೇಲೆ ಮಂಡ್ಯದ ತನಕ ಅವರದ್ದು ಫೋನು. ಮೈಸೂರಿನಲ್ಲಿ ಎರಡು ಸೈಟು, ಮಗನಿಗೆ ಕೊಡಿಸಿದ ಕಾರು, "ನಾನು ಹೋದ್ರೆ ತಾಲ್ಲೂಕು ಆಫೀಸೇ ಎದ್ದು ನಿಂತ್ಕೊಳುತ್ತೆ". ತಾಲ್ಲೂಕು ಆಫೀಸು ಎದ್ದು ನಿಲ್ಲುತ್ತೋ ಇಲ್ವೋ, ಸೊಪ್ಪಿನವರಂತೂ ಏಳಲಿಲ್ಲ. ಆದರೆ ಇಷ್ಟು ಕೊಚ್ಚಿಕೊಂಡವರಿಗೆ ಕೊಬ್ಬು ಅಂತ ಬಸ್ಸಿನಲ್ಲಿ ಒಬ್ಬರಾದರೂ ಅಂದರಾ? ಪಕ್ಕದವರು "ಸಾಹೇಬ್ರಿಗೆ ಗತ್ತಿದೆ" ಅಂದರು. ಮೆಚ್ಚಿಕೊಂಡೇ ಅಂದರು!

ನನ್ನ ಸಿಟ್ಟು ಇಲ್ಲೇ ಇರೋದು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅವತ್ತಿನಿಂದ ಈ ಮಾತನ್ನು ಬಸ್‌ಸ್ಟ್ಯಾಂಡು, ಮದುವೆ ಮನೆ, ನಮ್ಮ ಸ್ಟಾಫ್‌ರೂಮು ಎಲ್ಲಾ ಕಡೆ ಕೇಳಿ ಕೇಳಿ ಸಾಕಾಗಿದೆ. ಹೆಂಗಸರಿಗೆ ಕೊಡೋ ಸೊನ್ನೆ ಟಿಕೆಟ್ಟಿನ ಲೆಕ್ಕ ಹಿಡಿದೇ ಸರ್ಕಾರ ಬಸ್ ನಿಗಮಗಳಿಗೆ ದುಡ್ಡು ಕೊಡಬೇಕು, ಯಾರೂ ಕದ್ದು ಕೂತಿಲ್ಲ ಅಂತ ಹೇಳಿದರೆ ಕೇಳುವವರಿಲ್ಲ. ಅದಕ್ಕೂ ಹಿಂದೆ, 2013ರಲ್ಲಿ ಅನ್ನಭಾಗ್ಯ ಬಂದಾಗಲೂ ಇದೇ ರಾಗ. ಅಕ್ಕಿ ಸಿಗುತ್ತೆ ಅಂತ ಕೂಲಿಯವರಿಗೆ ಕೊಬ್ಬು, ಗದ್ದೆಗೆ ಬರಲ್ಲ ಅಂತ. ಕೂಲಿ ಜಾಸ್ತಿ ಕೇಳಿದರು ಅನ್ನೋದನ್ನ ಮಾತ್ರ ನುಂಗಿಕೊಂಡು ಹೇಳುತ್ತಿದ್ದರು.

ಪದಗಳನ್ನೇ ನೋಡಿ. ಕೊಬ್ಬು ಅಂದರೆ ಮೈಯೊಳಗಿನ ನೆಣ, ಹೊಟ್ಟೆತುಂಬ ಉಂಡವರ ಮೈಯಲ್ಲಿ ಇರೋದು. ದೌಲತ್ತು ಅಂದರೆ ಮೂಲದಲ್ಲಿ ಸಂಪತ್ತು. ದಿಮಾಕು ಉರ್ದುವಿನ ದಿಮಾಗು, ಮಿದುಳು. ಯಾರ ಹತ್ತಿರ ಊಟ, ದುಡ್ಡು, ಬುದ್ಧಿ ಇರಬಾರದು ಅಂತ ಊರು ತೀರ್ಮಾನಿಸಿರುತ್ತದೋ, ಅವರ ಹತ್ತಿರ ಅದು ಕಂಡ ತಕ್ಷಣ ಬೈಗುಳ. ಅಲ್ಪನಿಗೆ ಐಶ್ವರ್ಯ ಬಂದು ಅರ್ಧರಾತ್ರಿ ಕೊಡೆ ಹಿಡಿದ ಅಂತ ಗಾದೆ ಮಾಡಿದ್ದೇವೆ. ಐಶ್ವರ್ಯವಂತ ಮೋಡದ ದಿನವೂ ಆಳಿನ ಕೈಯಲ್ಲಿ ಕೊಡೆ ಹಿಡಿಸಿಕೊಂಡು ಓಡಾಡಿದ್ದಕ್ಕೆ ಗಾದೆ ಎಲ್ಲಿದೆ?

ಗಂಡಸಿಗೆ ಗತ್ತು, ಖದರು, ಠೀವಿ. ಹೆಂಗಸಿಗೆ ಜಂಬ, ಬಿಂಕ. ಹೀರೋಗೆ ಪೊಗರು ಇದ್ದರೆ ಶಿಳ್ಳೆ. 2021ರಲ್ಲಿ ಆ ಹೆಸರಿನ ಸಿನಿಮಾನೇ ಬಂತು. ನನ್ನ ಇತಿಹಾಸದ ಹುಚ್ಚು ನಿಮಗೆ ಗೊತ್ತಲ್ಲ, ಅದನ್ನೂ ಸ್ವಲ್ಪ ಸಹಿಸಿಕೊಳ್ಳಿ. ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನ ಇದೆ. ಬರೆದ ರವಿಕೀರ್ತಿ ಪುಲಕೇಶಿಯನ್ನು ಹೊಗಳಿ ಮುಗಿಸಿ, ತಾನು ಕಾಳಿದಾಸ, ಭಾರವಿಯರಷ್ಟು ಕೀರ್ತಿವಂತ ಅಂತ ಕಲ್ಲಿನ ಮೇಲೇ ಹೇಳಿಕೊಂಡಿದ್ದಾನೆ. ನಾವು ಅದನ್ನು ಆತ್ಮವಿಶ್ವಾಸ ಅಂತ ಪಾಠ ಮಾಡುತ್ತೇವೆ. ಮಾಡಲಿ, ತಕರಾರಿಲ್ಲ. ಅದೇ ಮಾತನ್ನು ನಮ್ಮ ಶಾಲೆಯ ಅಡುಗೆಯಮ್ಮ "ನನ್ನಂಗೆ ಸಾರು ಮಾಡೋರು ಈ ತಾಲ್ಲೂಕಲ್ಲೇ ಇಲ್ಲ" ಅಂತ ಹೇಳಿದರೆ ಹೆಡ್‌ಮಾಸ್ಟರಿಗೆ ದಿಮಾಕು ಕಾಣುತ್ತದೆ. ನಿಜ ಹೇಳಬೇಕಂದ್ರೆ ಆಕೆಯಂಗೆ ಸಾರು ಮಾಡೋರು ಇಲ್ಲ.

ಇದನ್ನ ಬರೆಯೋ ಯೋಚನೆ ಇರಲಿಲ್ಲ, ಬಂತು, ಬರೆಯುತ್ತೇನೆ. ನಮ್ಮಮ್ಮ ಅಂಗನವಾಡಿಗೆ ಸೇರಿದ ಹೊಸದರಲ್ಲಿ ಸಂಬಳದಲ್ಲಿ ಒಂದು ವಾಚು ಕೊಂಡರು. "ಸಂಬಳ ಕಂಡಿದ್ದೇ ತಡ, ಕೊಬ್ಬು ಬಂತು ನೋಡು" ಅಂದರು ದೊಡ್ಡಮ್ಮ. ದೊಡ್ಡಪ್ಪನ ಬೆರಳಿನಲ್ಲಿ ದಪ್ಪ ದಪ್ಪ ಉಂಗುರ ಇದ್ದವು, ಅದು ಮನೆತನದ ಗತ್ತು. ಅಮ್ಮ ಆಮೇಲೆ ಬೀದಿಯಲ್ಲಿ ವಾಚಿನ ಮೇಲೆ ಸೆರಗು ಎಳೆದುಕೊಂಡು ಹೋಗುತ್ತಿದ್ದರು. ಟೈಮ್ ನೋಡೋಕೆ ಕೊಂಡ ವಾಚು ಸ್ವಾಮಿ ಅದು.

ಈಗ ಕೆಲವರು ಬರುತ್ತೀರಿ: "ಮೇಡಂ, ಬಡವರಲ್ಲೂ ಸೊಕ್ಕಿನವರಿಲ್ವಾ? ಆಟೋದವರ ಗಾಂಚಲಿ ನೋಡಿಲ್ವಾ? ದೊಡ್ಡವರನ್ನೂ ನಾವು ಕೊಬ್ಬಿದವರು ಅಂತೀವಲ್ಲ?" ಇದ್ದಾರೆ, ನೋಡಿದ್ದೇನೆ, ಜಗಳವನ್ನೂ ಆಡಿದ್ದೇನೆ. ದೊಡ್ಡವರಿಗೂ ಅನ್ನುತ್ತೇವೆ, ಸರಿ. ಆದರೆ ಬೆನ್ನ ಹಿಂದೆ, ಬಾಗಿಲು ಹಾಕಿಕೊಂಡು, ಪಿಸುದನಿಯಲ್ಲಿ. ಸೊಪ್ಪಿನವರಿಗೆ ಮಾತ್ರ ಮುಖದ ಮೇಲೆ, ಬಸ್ಸಿಗೆಲ್ಲ ಕೇಳುವ ಹಾಗೆ. ಎರಡೂ ಒಂದೇ ಅಂದರೆ ನಾನು ಒಪ್ಪಲ್ಲ, ಹೋಗಿ.

ಇನ್ನು ಕಮೆಂಟಿನಲ್ಲಿ "ಈ ಮೇಡಂಗೂ ಕೊಬ್ಬು ಜಾಸ್ತಿ" ಅಂತ ಬರೆಯೋರು ಧಾರಾಳವಾಗಿ ಬರೆಯಿರಿ. ಬಿಳಿ ಶರ್ಟಿನವರಿಗೆ ಏನಂತೀರಿ ಅನ್ನೋದನ್ನೂ ಜೊತೆಗೆ ಬರೆಯಿರಿ, ನಿಮ್ಮ ನಿಜವಾದ ಹೆಸರಿನ ಅಕೌಂಟಿನಿಂದ.