ಮರ ನೋಡದೆ ಕುಡಿದ ಕಷಾಯ

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ನಮ್ಮನ್ನು ಎಬ್ಬಿಸುತ್ತಿದ್ದದ್ದು ಕೋಳಿಯಲ್ಲ, ಅರೆಯುವ ಕಲ್ಲಿನ ಸದ್ದು. ಹೊರಗೆ ಜಡಿಮಳೆ, ಒಳಗೆ ಬೆಳ್ಳುಳ್ಳಿ, ಓಮದ ವಾಸನೆ. ಅಜ್ಜಿ ಪಾಲೆ ಮರದ ತೊಗಟೆಯನ್ನು ಕರಿಮೆಣಸು, ಅರಸಿನದ ಜೊತೆ ಅರೆದು ರಸ ಹಿಂಡುತ್ತಿದ್ದರು. ಆಮೇಲೆ ಒಗ್ಗರಣೆ. ಸಾಸಿವೆಯದಲ್ಲ, ಕಲ್ಲಿನದು! ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ರಸಕ್ಕೆ ಹಾಕಿದರೆ ಚುಂಯ್ ಅನ್ನುತ್ತಿತ್ತು. ಅದನ್ನು ಕೇಳಿ ನಾನು ಕಂಬಳಿಯೊಳಗೆ ಇನ್ನಷ್ಟು ಮುದುಡಿಕೊಳ್ಳುತ್ತಿದ್ದೆ.

ತಪ್ಪಿಸಿಕೊಂಡವರಿಲ್ಲ. ಖಾಲಿ ಹೊಟ್ಟೆಗೆ ಅರ್ಧ ಲೋಟ. ಹಾಗಲಕಾಯಿಯ ಕಹಿ ನಾಲಿಗೆಯಲ್ಲೇ ನಿಲ್ಲುತ್ತದೆ; ಇದು ಕಿವಿಯವರೆಗೆ ಹೋಗುತ್ತದೆ. ಕೂಡಲೇ ಬೆಲ್ಲದ ತುಂಡು, ಸ್ವಲ್ಪ ಹೊತ್ತು ಬಿಟ್ಟು ಮೆಂತೆ ಗಂಜಿ. ಕಷಾಯ ಉಷ್ಣ, ಗಂಜಿ ತಂಪು ಎಂಬುದು ಅಜ್ಜಿಯ ಲೆಕ್ಕ. ಯಾವ ರೋಗಕ್ಕೆ ಈ ಮದ್ದು ಎಂದು ಕೇಳಿದರೆ, "ಇನ್ನೂ ಬಾರದ ರೋಗಕ್ಕೆ" ಅನ್ನುತ್ತಿದ್ದರು. ಇದಕ್ಕೆ ಏನೆಂದು ವಾದ ಮಾಡುವುದು?

ತೊಗಟೆ ತರುವ ಕೆಲಸ ಮಾವನದು. ಹಿಂದಿನ ದಿನ ಹಗಲಲ್ಲೇ ಹೋಗಿ ಮರಕ್ಕೆ ನೂಲು ಕಟ್ಟಿ ಬರುತ್ತಿದ್ದರು. ಮರುದಿನ ಬೆಳಕು ಹರಿಯುವ ಮೊದಲೇ ಒಬ್ಬರೇ ಹೊರಡುತ್ತಿದ್ದರು. ಕತ್ತಿ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ಕೆತ್ತಬೇಕು. ನಾನೂ ಬರುತ್ತೇನೆ ಎಂದು ಪ್ರತಿ ವರ್ಷ ಹಟ ಮಾಡುತ್ತಿದ್ದೆ. "ಮಕ್ಕಳು ಬರುವ ಹಾಗಿಲ್ಲ" ಎಂದು ಹೇಳಿ ಕತ್ತಲಲ್ಲಿ ಮಾಯವಾಗುತ್ತಿದ್ದರು. ಕಾರಣ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ತೊಗಟೆ ಕೆತ್ತುವವನ ಮೈಮೇಲೆ ಬಟ್ಟೆ ಇರಬಾರದಂತೆ!

ಹಾಗಾಗಿ ಬಾಲ್ಯವಿಡೀ ಕಷಾಯ ಕುಡಿದೆ, ಮರ ಮಾತ್ರ ನೋಡಲಿಲ್ಲ.

ನೋಡಿದ್ದು ದೆಹಲಿಯಲ್ಲಿ. ಕೆಲಸಕ್ಕೆ ಸೇರಿದ ಮೊದಲ ಅಕ್ಟೋಬರ್. ರಾತ್ರಿ ಊಟ ಮುಗಿಸಿ ಬರುವಾಗ ರಸ್ತೆಯುದ್ದಕ್ಕೂ ತಲೆ ಹಿಡಿಯುವಷ್ಟು ಗಾಢವಾದ ಪರಿಮಳ. ಜೊತೆಗಿದ್ದವನು ಮೂಗು ಮುಚ್ಚಿಕೊಂಡು, "ಸಪ್ತಪರ್ಣಿ, ಸುಮ್ನೆ ಬೇಗ ನಡಿ" ಎಂದ. ನಾನು ನಿಂತೆ. ಒಂದೇ ಗಂಟಿನ ಸುತ್ತ ಏಳು ಎಲೆ. ಒಂದನ್ನು ಕಿತ್ತರೆ ಬಿಳಿ ಹಾಲು. ಅಮ್ಮನಿಗೆ ಫೋನ್ ಮಾಡಿದೆ. "ಅಯ್ಯೋ, ಅದು ನಮ್ಮ ಪಾಲೆ ಅಲ್ವಾ!" ಅಂದಳು. ಕನ್ನಡದಲ್ಲಿ ಹಾಲೆ, ಮದ್ದಾಲೆ ಎಂಬ ಹೆಸರುಗಳುಂಟು. ಎಲೆ ಎಣಿಸಿದವರು ಏಳೆಲೆಹೊನ್ನೆ ಎಂದರು. ನಿಜ ಹೇಳಬೇಕೆಂದರೆ ಎಲೆ ಕೆಲವು ಕಡೆ ಐದೂ ಇರುತ್ತದೆ, ಎಂಟೂ ಇರುತ್ತದೆ. ಮರಕ್ಕೆ ಲೆಕ್ಕ ಬರುವುದಿಲ್ಲ.

ಶಾಲೆಯ ನಂಟು ಮಾತ್ರ ಇದೆ. 1767ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ 'ಸ್ಕೊಲಾರಿಸ್', ಅಂದರೆ ಶಾಲೆಯದು, ಎಂದು ಹೆಸರಿಟ್ಟ. ಇದರ ಹಗುರ ಹಲಗೆಯಲ್ಲಿ ಮಕ್ಕಳು ಬರೆಯುವ ಪಾಟಿ ಮಾಡುತ್ತಿದ್ದರಂತೆ. ಅಂದರೆ ಮಕ್ಕಳನ್ನು ಹೆದರಿಸುವ ಎರಡು ಸಾಮಾನು, ಪಾಟಿ ಮತ್ತು ಕಷಾಯ, ಒಂದೇ ಮರದಿಂದ! ಈಗಿನ ಸಸ್ಯಶಾಸ್ತ್ರೀಯ ಹೆಸರಿನ ಮೊದಲ ಭಾಗ 'ಆಲ್ಸ್ಟೋನಿಯಾ'. ಅದು ಎಡಿನ್ಬರೋದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಚಾರ್ಲ್ಸ್ ಆಲ್ಸ್ಟನ್ ನೆನಪಿಗೆ. ಅವರು ಮದ್ದಿನ ಪಾಠವನ್ನೂ ಹೇಳುತ್ತಿದ್ದರು. ಅರ್ಧ ಲೋಟ ಕುಡಿದಿದ್ದರೆ ಪಾಠ ಹೇಗಿರುತ್ತಿತ್ತೋ. ಫಿಲಿಪ್ಪೀನ್ಸ್‌ನಲ್ಲಿ ಇದೇ ತೊಗಟೆಗೆ 'ದಿತಾ' ಎಂದು ಹೆಸರು. 19ನೇ ಶತಮಾನದಲ್ಲಿ ಅಲ್ಲಿ ಚಳಿಜ್ವರಕ್ಕೆ ಕ್ವಿನೈನ್ ಬದಲು ಇದನ್ನು ಕೊಟ್ಟದ್ದುಂಟು.

ಈಗ ಆಟಿ ಬಂತೆಂದರೆ ಕಷಾಯ ಬಾಟಲಿಯಲ್ಲೂ ಸಿಗುತ್ತದೆ. ತಂದುಕೊಡುವವರಿಲ್ಲದ ಮನೆಗೆ ಅದೇ ಗತಿ, ಬೈಯುವುದಿಲ್ಲ. ನನಗೆ ಹೆದರಿಕೆ ಇರುವುದು ಮರವೇ ಗೊತ್ತಿಲ್ಲದೆ ಕಾಡಿಗೆ ನುಗ್ಗುವ ಉತ್ಸಾಹಿಗಳ ಬಗ್ಗೆ. ಕಾಸರಕದ ತೊಗಟೆಯೂ ಕಹಿಯೇ, ಆದರೆ ಅದು ವಿಷ. ಅದರ ಎಲೆ ಎರಡೆರಡೇ ಎದುರುಬದುರು ಇರುತ್ತದೆ, ಕಿತ್ತರೆ ಹಾಲು ಬರುವುದಿಲ್ಲ. ಕತ್ತಲಲ್ಲಿ ಇದೆಲ್ಲ ಕಾಣುತ್ತದಾ? ಮಾವನ ನೂಲನ್ನು ನಾನು ಶಾಸ್ತ್ರವೆಂದುಕೊಂಡಿದ್ದೆ. ಅದು ಬುದ್ಧಿವಂತಿಕೆ.

ಕಳೆದ ವರ್ಷ ರಜೆ ಹಾಕಿ ಊರಿಗೆ ಹೋಗಿ ಮಾವನನ್ನು ಕೇಳಿದೆ, "ಈಗಲಾದರೂ ನಾನು ಬರಬಹುದಾ?"

ಮಾವನಿಗೆ ಈಗ ಎಪ್ಪತ್ತು. ಸ್ವಲ್ಪ ಹೊತ್ತು ಯೋಚಿಸಿದರು.

"ಬಾ. ಆದರೆ ಟಾರ್ಚ್ ತರಬೇಡ."